ಲೈಕಾ ಸಿಎಲ್‌ಗೆ ಜೇಬಿಗೆ ಹಿಡಿಯುವ ಲೆನ್ಸ್ ಯಾವುದು?

ಮೂಡಿಗೆರೆ ಮಳೆ

ಎಲ್ಲರಿಗೂ ನಮಸ್ಕಾರ. ಚಿಕ್ಕಪ್ಪ ತೋಟದ ಮನೆಯ ಬೀರು ಖಾಲಿ ಮಾಡುವಾಗ ಸಿಕ್ಕಿದ ಲೈಕಾ ಸಿಎಲ್ ಎಂಬ ಹಳೆಯ ಫಿಲ್ಮ್ ಕ್ಯಾಮೆರಾವನ್ನು ನನಗೆ ಕೊಟ್ಟಿದ್ದಾರೆ. ಕ್ಯಾಮೆರಾ ಬಾಡಿ ಚೆನ್ನಾಗಿದೆ, ಶಟರ್ ಎಲ್ಲ ವೇಗಗಳಲ್ಲೂ ಓಡುತ್ತಿದೆ. ಜೊತೆಗಿದ್ದ 40 ಎಂಎಂ ಸಮ್ಮಿಕ್ರಾನ್ ಲೆನ್ಸ್ ಮಾತ್ರ ಹೋಗಿದೆ. ಚರ್ಮದ ಚೀಲದೊಳಗೇ ಎಷ್ಟೋ ಮಳೆಗಾಲ ಕಳೆದಿದೆ. ಬೆಳಕಿಗೆ ಹಿಡಿದರೆ ಗಾಜಿನ ಮೇಲೆ ಜೇಡರಬಲೆಯಂಥ ಬೂಷ್ಟು. ಅದು ಗಾಜಿನ ಲೇಪನವನ್ನೇ ತಿಂದಿದೆ ಎಂದು ರಿಪೇರಿಯವರು ಕೈಚೆಲ್ಲಿದರು.

ತೋಟದಲ್ಲಿ ಕಾಫಿ ಕೊಯ್ಲು, ಬೇಲೂರು ಹಳೇಬೀಡು, ಮನೆಯ ಕಾರ್ಯಗಳು, ಇಷ್ಟನ್ನು ತೆಗೆಯುವ ಆಸೆ. ಜರ್ಕಿನ್ ಜೇಬಿನಲ್ಲಿ ಕ್ಯಾಮೆರಾ ಇಳಿಯಬೇಕು. ಒಳಕ್ಕೆ ಮಡಚಿಕೊಳ್ಳುವ 50 ಎಂಎಂ ಎಲ್ಮಾರ್, ಫೋಕ್ಟ್‌ಲ್ಯಾಂಡರ್ ಕಂಪನಿಯ 35 ಎಂಎಂ ಕಲರ್ ಸ್ಕೋಪಾರ್ ಮತ್ತು 40 ಎಂಎಂ ನೋಕ್ಟನ್, ರಷ್ಯಾದ ಜುಪಿಟರ್ ನೋಡಿಟ್ಟಿದ್ದೇನೆ. ನಾನು ಕನ್ನಡಕ ಹಾಕುವವನು. ಯಾವುದು ಆದೀತು?

ಘಟ್ಟದ ಅಂಚು, ಸಕಲೇಶಪುರ

ಯೋಚನೆಯೇ ಬೇಡ, ನೋಕ್ಟನ್ ತೆಗೆದುಕೊಳ್ಳಿ. ಎಫ್1.4 ಇದೆ (ಈ ಸಂಖ್ಯೆ ಸಣ್ಣದಾದಷ್ಟೂ ಲೆನ್ಸಿನೊಳಗೆ ಬೆಳಕು ಹೆಚ್ಚು), ಹೊಸದಾಗಿಯೇ ಸಿಗುತ್ತದೆ. ಜುಲೈ ತಿಂಗಳಲ್ಲಿ ನಮ್ಮ ಕಡೆ ಮಧ್ಯಾಹ್ನ ಮೂರು ಗಂಟೆಗೇ ದೀಪ ಹಚ್ಚುತ್ತೇವೆ. ಸ್ಕೋಪಾರ್ ಲೆನ್ಸಿನ ಎಫ್2.5 ಹಿಡಿದುಕೊಂಡು ಏನು ಮಾಡುತ್ತೀರಿ?

ಹಾಸನದ ಹಳಬ

ಘಟ್ಟದವರು ಹೇಳಿದ್ದು ಮಳೆಗಾಲದ ಮಟ್ಟಿಗೆ ಸರಿ. ಆದರೆ ಪ್ರಶ್ನೆ ಇರುವುದು ಸಿಎಲ್ ಬಗ್ಗೆ. ಬೇರೆ ರೇಂಜ್‌ಫೈಂಡರ್‌ಗಳ, ಅಂದರೆ ಎರಡು ಬಿಂಬ ಕೂಡಿಸಿ ಫೋಕಸ್ ಮಾಡುವ ಕ್ಯಾಮೆರಾಗಳ, ಬುದ್ಧಿವಾದ ಇದಕ್ಕೆ ನಡೆಯುವುದಿಲ್ಲ.

ಮೊದಲು ಎಲ್ಮಾರ್ ಆಸೆ ಬಿಡಿ. 1973ರಲ್ಲಿ ಲೈಕಾ ಮತ್ತು ಮಿನೋಲ್ಟಾ ಸೇರಿ ಈ ಕ್ಯಾಮೆರಾ ತಂದಾಗ ಬೆಳಕು ಅಳೆಯುವ ಕಣ್ಣನ್ನು ಒಂದು ಪುಟ್ಟ ಕಡ್ಡಿಯ ತುದಿಗೆ ಕೂರಿಸಿದರು. ರೀಲು ಸುತ್ತಿದ ಮೇಲೆ ಆ ಕಡ್ಡಿ ಶಟರ್ ಪರದೆಯ ಮುಂದೆ, ಲೆನ್ಸಿನ ಬೆನ್ನಿಗೇ ನಿಂತಿರುತ್ತದೆ. ಗುಂಡಿ ಒತ್ತಿದಾಗ ಪಕ್ಕಕ್ಕೆ ಸರಿಯುತ್ತದೆ. ಮಡಚುವ ಲೆನ್ಸನ್ನು ನೀವು ಒಳಕ್ಕೆ ತಳ್ಳಿದರೆ ಅದರ ಕೊಳವೆ ಸೀದಾ ಹೋಗಿ ಆ ಕಡ್ಡಿಗೆ ಗುದ್ದುತ್ತದೆ. ಹೊರಗೆ ಎಳೆದೇ ಇಟ್ಟುಕೊಳ್ಳುತ್ತೇನೆ ಎನ್ನುವುದಾದರೆ ಮಡಚುವ ಲೆನ್ಸಿಗೆ ದುಡ್ಡು ಏಕೆ ಕೊಡಬೇಕು? ಜುಪಿಟರ್-12 ಎಂಬ 35 ಎಂಎಂ ಲೆನ್ಸಿನದೂ ಇದೇ ಪಾಡು, ಅದರ ಹಿಂದಿನ ಗಾಜು ಬಾಡಿಯೊಳಕ್ಕೆ ಬುರುಡೆಯಾಗಿ ಚಾಚಿಕೊಂಡಿದೆ.

ಎರಡನೆಯದು ಫ್ರೇಮ್ ಗೆರೆಗಳು, ಅಂದರೆ ಚಿತ್ರದಲ್ಲಿ ಎಷ್ಟು ಬರುತ್ತದೆ ಎಂದು ತೋರಿಸುವ ಗೆರೆಗಳು. ಸಿಎಲ್‌ನ ವ್ಯೂಫೈಂಡರ್‌ನಲ್ಲಿ 40, 50, 90ಕ್ಕೆ ಗೆರೆಗಳಿವೆ, 35ಕ್ಕೆ ಇಲ್ಲ. ಅದಕ್ಕೇ ನನ್ನ ಓಟು ಮತ್ತೆ 40ಕ್ಕೆ.

ಇನ್ನು ಎಫ್1.4 ವಿಚಾರ. ರೇಂಜ್‌ಫೈಂಡರ್ ದೂರ ಅಳೆಯುವುದು ಎರಡು ಕಿಟಕಿಗಳ ನಡುವಿನ ಅಂತರದ ಬಲದಿಂದ. ಲೈಕಾ ಎಂ ಸಾಲಿನಲ್ಲಿ ಅದು 69 ಮಿಲಿಮೀಟರ್ ಹತ್ತಿರ ಇರುತ್ತದೆ, ಸಿಎಲ್‌ನಲ್ಲಿ 31.5 ಮಾತ್ರ. ಅದರ ಮೇಲೆ ಫೈಂಡರ್ ನೋಟವನ್ನು 0.6 ಪಟ್ಟಿಗೆ ಕುಗ್ಗಿಸುತ್ತದೆ, ಉಳಿಯುವುದು 19ರ ಆಸುಪಾಸು. ಅಂತರ ಕಿರಿದಾದಷ್ಟೂ ಫೋಕಸ್ ತಪ್ಪುವುದು ಹೆಚ್ಚು, ಎಫ್1.4ರಲ್ಲಿ ಸ್ಪಷ್ಟವಾಗಿ ಬರುವ ಭಾಗವೂ ತೀರಾ ತೆಳು. ಮೊಮ್ಮಗುವಿನ ಮುಖವನ್ನು ಹತ್ತಿರದಿಂದ ಎಫ್1.4ರಲ್ಲಿ ತೆಗೆದರೆ ಕಣ್ಣಿನ ಬದಲು ಕಿವಿ ಸ್ಪಷ್ಟವಾಗಿ ಬರುವ ಸಾಧ್ಯತೆಯೇ ಹೆಚ್ಚು. ಸಿಲ್ವರ್ ಓಕ್ ನೆರಳಿನಲ್ಲಿ ಕೊಯ್ಲಿನ ಕಾಲಕ್ಕೆ 400ರ ರೀಲಿಗೆ ಎಫ್2.8, 1/60 ಸೆಕೆಂಡು ಧಾರಾಳವಾಗಿ ಸಿಗುತ್ತದೆ. ಎಫ್2 ಇದ್ದರೆ ಸಾಕು.

ಬೇಲೂರಿಗೆ ಹೋಗುತ್ತೇನೆ ಎಂದಿದ್ದೀರಿ, ಅಲ್ಲಿನದೊಂದು ಮಾತು. ನವರಂಗದಲ್ಲಿ ಕತ್ತಲೆ ಜಾಸ್ತಿ, ಸ್ಮಾರಕದೊಳಗೆ ಸ್ಟ್ಯಾಂಡ್ ಬಿಚ್ಚಲು ಪುರಾತತ್ವ ಇಲಾಖೆಯ ಅನುಮತಿ ಬೇಕು, ಕೈಯಲ್ಲೇ ಹಿಡಿದು 1/15, 1/30ರಲ್ಲಿ ತೆಗೆಯಬೇಕು. ಅಲ್ಲಿನ ತಿರುಗಣಿ ಕಂಬಗಳ ಬಳೆಗಳ ಮೇಲೆ ಫೋಕಸ್ ಹಿಡಿಯಲು ಹೋಗಬೇಡಿ. ಫೈಂಡರ್ ನಡುವಿನ ಚೌಕದಲ್ಲಿ ಎರಡನೆಯ ಬಿಂಬ ಸರಿಯುವುದು ಎಡಕ್ಕೆ ಅಥವಾ ಬಲಕ್ಕೆ. ಬಳೆಗಳೆಲ್ಲ ಅಡ್ಡಗೆರೆಗಳು; ಬಿಂಬ ಗೆರೆಯ ಮೇಲೇ ಜಾರುತ್ತದೆ, ಕೂಡಿತೋ ಇಲ್ಲವೋ ಗೊತ್ತೇ ಆಗುವುದಿಲ್ಲ. ಕಂಬದ ಹೊರ ಅಂಚು ಬಾಗಿಲ ಬೆಳಕಿಗೆ ಸಣ್ಣದಾಗಿ ಹೊಳೆಯುವ ಕಡೆ ಚೌಕ ಇಡಿ, ಇಲ್ಲವೇ ಕ್ಯಾಮೆರಾವನ್ನು ಒಮ್ಮೆ ನಿಲ್ಲಿಸಿ ಹಿಡಿದು ಫೋಕಸ್ ಮಾಡಿ ಮತ್ತೆ ಮಲಗಿಸಿ. ಸಾವಿರಾರು ರೂಪಾಯಿಯ ಲೆನ್ಸಿಗಿಂತ ಇದು ಹೆಚ್ಚು ಕೆಲಸಕ್ಕೆ ಬರುತ್ತದೆ.

ಆದ್ದರಿಂದ ಹಳೆಯ ಸಮ್ಮಿಕ್ರಾನ್-ಸಿಯನ್ನೇ ಇನ್ನೊಂದು ಹುಡುಕಿ, ಅಥವಾ ಅದರ ಜೋಡಿ ಮಿನೋಲ್ಟಾ ಎಂ-ರೋಕೋರ್ 40 ಎಫ್2. ರೋಕೋರ್‌ಗೆ 40.5 ಎಂಎಂ ಫಿಲ್ಟರ್ ಸಲೀಸಾಗಿ ಕೂರುತ್ತದೆ, ಸಮ್ಮಿಕ್ರಾನ್-ಸಿಯ ಫಿಲ್ಟರ್ ಹುಡುಕುವುದು ದೊಡ್ಡ ತಲೆನೋವು. ಮಿನೋಲ್ಟಾ 1980ರಲ್ಲಿ ಸಿಎಲ್‌ಇ ಕ್ಯಾಮೆರಾದ ಜೊತೆಗೆ ತಂದ ರೋಕೋರ್‌ಗೆ ಬಹುಪದರದ ಲೇಪನವೂ ಇದೆ. ಅದೇ ಮನೆತನದ 28 ಎಂಎಂ ಕಂಡರೆ ಮಾತ್ರ ದೂರವಿರಿ, ಮುಂದಿನ ಗಾಜಿನೊಳಗೆ ಬಿಳಿ ಚುಕ್ಕೆ ಏಳುವ ರೋಗಕ್ಕೆ ಅದು ಹೆಸರುವಾಸಿ.

ಕಾಫಿ ಕಣ, ಚಿಕ್ಕಮಗಳೂರು

ಹಳಬರು ಹೇಳಿದ್ದರಲ್ಲಿ ಒಂದಕ್ಕೆ ನನ್ನ ತಕರಾರಿದೆ. ನಾನು ಸಿಎಲ್ ಮೇಲೆ 35ರ ಕಲರ್ ಸ್ಕೋಪಾರ್ ಹಾಕಿಯೇ ತೆಗೆಯುತ್ತೇನೆ. 40ರ ಗೆರೆಯ ಹೊರಗೆ ಸ್ವಲ್ಪ ಹೆಚ್ಚು ಬರುತ್ತದೆ ಎಂದು ಅಂದಾಜಿಸಿಕೊಂಡರೆ ಆಯಿತು. ನಾನೇನು ಜಮೀನು ಸರ್ವೆ ಮಾಡುತ್ತಿಲ್ಲವಲ್ಲ. 39 ಎಂಎಂ ಫಿಲ್ಟರ್ ಎಲ್ಲೆಡೆ ಸಿಗುತ್ತದೆ. ಮುಖ್ಯವಾಗಿ, ಬೇರೆಯವರ ಮನೆಯ ಬೂಷ್ಟನ್ನು ದುಡ್ಡು ಕೊಟ್ಟು ತರುವ ಭಯವಿಲ್ಲ. ಮಲೆನಾಡಿನಲ್ಲಿ ಇರುವವರಿಗೆ ಇದು ಸಣ್ಣ ಮಾತಲ್ಲ.

ಕನ್ನಡಕದವರಿಗೆ 40ರ ಗೆರೆಯ ನಾಲ್ಕೂ ಮೂಲೆ ಒಟ್ಟಿಗೆ ಕಾಣುತ್ತದೆಯೋ ಇಲ್ಲವೋ ಮೊದಲು ನೋಡಿಕೊಳ್ಳಿ. ಕಾಣದಿದ್ದರೆ ಗೆರೆ ಇದ್ದೂ ಏನು ಪ್ರಯೋಜನ?

ಮೂಡಿಗೆರೆ ಮಳೆ

ಕಾಣುತ್ತದೆ ಅಕ್ಕ, ಕಣ್ಣನ್ನು ಸ್ವಲ್ಪ ಒತ್ತಿ ಹಿಡಿಯಬೇಕು ಅಷ್ಟೆ. ಹಾಗಾದರೆ ಜುಪಿಟರ್-8 ಹೇಗೆ ಸರ್? ಬೆಲೆ ತೀರಾ ಕಡಿಮೆ. ಇನ್ನೊಂದು, ಲೆನ್ಸನ್ನು ಅಕ್ಕಿ ಡಬ್ಬದಲ್ಲಿ ಇಟ್ಟರೆ ತೇವ ಹೀರುತ್ತದೆ ಎಂದು ಮನೆಯಲ್ಲಿ ಹೇಳುತ್ತಿದ್ದಾರೆ.

ಹಾಸನದ ಹಳಬ

ಅಕ್ಕಿ ಅನ್ನಕ್ಕೆ ಇರಲಿ. ಅದರ ಪುಡಿ ಫೋಕಸ್ ತಿರುಪಿನೊಳಗೆ ಸೇರಿದರೆ ಬೇರೆಯೇ ರಾಮಾಯಣ. ರಬ್ಬರ್ ಅಂಚಿನ, ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, ಒಳಗೆ ಬಣ್ಣ ಬದಲಾಯಿಸುವ ಸಿಲಿಕಾ ಜೆಲ್, ಜೊತೆಗೆ ಒಂದು ತೇವಾಂಶ ಮಾಪಕ. ಮುಳ್ಳು ಶೇಕಡಾ ನಲವತ್ತರಿಂದ ಐವತ್ತರ ನಡುವೆ ನಿಂತರೆ ನೆಮ್ಮದಿ. ಬಣ್ಣ ತಿರುಗಿದಾಗ ಹರಳುಗಳನ್ನು ಒಣಗಿಸಿ ಮತ್ತೆ ಹಾಕಿ. ಆ ಚರ್ಮದ ಚೀಲವನ್ನು ಗೋಡೆಗೆ ನೇತು ಹಾಕಿ ಚಂದ ನೋಡಿ, ಒಳಗೆ ಏನೂ ಇಡಬೇಡಿ.

ಜುಪಿಟರ್-8 ಸಿಎಲ್ ಮೇಲೆ ಕೂರುತ್ತದೆ, 39 ಎಂಎಂ ತಿರುಪಿನಿಂದ ಎಂ ಮೌಂಟಿಗೆ ಬದಲಿಸುವ ತೆಳು ಬಳೆ ಬೇಕು. ಆದರೆ ಅದರ ಫೋಕಸ್ ಲೆಕ್ಕ ಹಳೆಯ ಕಾಂಟ್ಯಾಕ್ಸ್‌ನದು, ಲೈಕಾದ್ದಲ್ಲ. ದೂರಕ್ಕೆ ಸರಿ, ಹತ್ತಿರದಲ್ಲಿ ಎಫ್2 ತೆರೆದರೆ ತಪ್ಪುತ್ತದೆ. ಒಂದು ಮೀಟರಿಗಿಂತ ಹತ್ತಿರ ಬರುವುದೂ ಇಲ್ಲ, ಸಮ್ಮಿಕ್ರಾನ್-ಸಿ 0.8ಕ್ಕೆ ಬರುತ್ತದೆ. ಹಳೇಬೀಡಿನ ಗೋಡೆಯ ಆನೆಸಾಲಿನ ಮುಂದೆ ಕೂತಾಗ ಆ ಗೇಣುದ್ದ ದೊಡ್ಡದು. ಕಣ ಅಮ್ಮನವರು ಹೇಳಿದ ಸ್ಕೋಪಾರ್ ಬಗ್ಗೆ ನನ್ನ ಜಗಳವಿಲ್ಲ. ಒಳ್ಳೆಯ 40 ಸಿಗದಿದ್ದರೆ ಅದನ್ನೇ ತೆಗೆದುಕೊಳ್ಳಿ.

ಮರೆತಿದ್ದೆ, ಬ್ಯಾಟರಿ. ಬೆಳಕು ಅಳೆಯುವ ಮೀಟರಿಗೆ 1.35 ವೋಲ್ಟಿನ ಪಾದರಸದ ಸೆಲ್ ಬೇಕಿತ್ತು, ಈಗ ಅದರ ತಯಾರಿಕೆಯೇ ನಿಂತಿದೆ. 1.5 ವೋಲ್ಟಿನ ಸೆಲ್ ಹಾಕಿದರೆ ಮೀಟರ್ ದಾರಿ ತಪ್ಪುತ್ತದೆ. ಕಿವಿಯ ಯಂತ್ರ ಮಾರುವ ಅಂಗಡಿಯಲ್ಲಿ 675 ನಂಬರಿನ ಸೆಲ್ ಕೇಳಿ, 1.4 ವೋಲ್ಟು. ಅಗಲ ಸಾಲದು, ಸುತ್ತ ಒಂದು ರಬ್ಬರ್ ಉಂಗುರ ಹಾಕಿ.

ಮೂಡಿಗೆರೆ ಮಳೆ

ಬೆಂಗಳೂರಿನಲ್ಲಿ ಒಬ್ಬರ ಬಳಿ 40ರ ರೋಕೋರ್ ಇದೆ. ಕೊರಿಯರ್ ಮಾಡುತ್ತೇನೆ ಎನ್ನುತ್ತಿದ್ದಾರೆ. ಕೇಳಬೇಕಾದದ್ದು ಏನು?

ಹಾಸನದ ಹಳಬ

ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿ) ಪೂರ್ತಿ ತೆರೆದು, ಹಿಂಬದಿಯಿಂದ ಮೊಬೈಲ್ ಟಾರ್ಚ್ ಬಿಟ್ಟು, ಮುಂದಿನಿಂದ ಓರೆಯಾಗಿ ತೆಗೆದ ವಿಡಿಯೊ ಕಳಿಸಲು ಹೇಳಿ. ನೇರವಾಗಿ ತೆಗೆದ ಫೋಟೊ ಕಳಿಸಿದರೆ ಒಪ್ಪಬೇಡಿ, ಅದರಲ್ಲಿ ಎಲ್ಲ ಲೆನ್ಸೂ ಶುದ್ಧವೇ. ಎಳೆಎಳೆಯಾಗಿ ಕಂಡರೆ ಬೂಷ್ಟು, ಬಿಟ್ಟುಬಿಡಿ. ಹಾಲಿನಂತೆ ಮಸುಕಿದ್ದರೆ ಒಳಗಿನ ಗ್ರೀಸಿನ ಆವಿ ಇರಬಹುದು. ಸಾಮಾನ್ಯವಾಗಿ ಬಿಚ್ಚಿ ಒರೆಸಿದರೆ ಹೋಗುತ್ತದೆ, ಆ ಖರ್ಚನ್ನು ಬೆಲೆಯಲ್ಲಿ ಕಳೆಯಲು ಹೇಳಿ. ವಿಡಿಯೊ ಬಂದ ಮೇಲೆ ಇಲ್ಲಿ ಹಾಕಿ, ನೋಡೋಣ.