ಆಕ್ಸಿಜನ್ ಮೇಲಿರುವ ಮಗು ಮನೆಯಲ್ಲಿದೆ: ರಾತ್ರಿಯನ್ನು ಹೇಗೆ ನಿಭಾಯಿಸುತ್ತೀರಿ?

ಪ್ರಶ್ನೆ:
ಅವಧಿಗೆ ಮುನ್ನ ಹುಟ್ಟಿದ ನಮ್ಮ ಮಗಳನ್ನು ಈಚೆಗೆ ಮನೆಗೆ ಕರೆತಂದಿದ್ದೇವೆ. ಶ್ವಾಸಕೋಶ ಇನ್ನೂ ಬಲಿಯದ ಕಾರಣ ಮೂಗಿನ ನಳಿಕೆಯಿಂದ ಆಕ್ಸಿಜನ್, ಮೂಗಿನ ಮೂಲಕ ಹೊಟ್ಟೆಗಿಳಿಸಿದ ಟ್ಯೂಬಿನಿಂದ ಹಾಲು ಕೊಡುತ್ತಿದ್ದೇವೆ; ರಕ್ತದಲ್ಲಿನ ಆಕ್ಸಿಜನ್ ಪ್ರಮಾಣವನ್ನು ಅಂಕಿಯಲ್ಲಿ ತೋರಿಸಿ, ಅದು ಕಡಿಮೆಯಾದರೆ ಅಲಾರಂ ಕೂಗುವ ಪಲ್ಸ್ ಆಕ್ಸಿಮೀಟರ್ ಸದಾ ಪಾದಕ್ಕೆ ಇರುತ್ತದೆ. ಆಸ್ಪತ್ರೆಯಲ್ಲಿ ಎಲ್ಲವನ್ನೂ ಕಲಿಸಿ ಕಳುಹಿಸಿದರು. ಆದರೆ ಅಲಾರಂ ಕೂಗಿದಾಗಲೆಲ್ಲ ನಾವಿಬ್ಬರೂ ಗಾಬರಿಯಿಂದ ಎದ್ದು ಕೂರುವುದರಿಂದ ಹಗಲಿನಲ್ಲಿ ಯಾರಲ್ಲೂ ತಾಳ್ಮೆ ಉಳಿಯುತ್ತಿಲ್ಲ, ಆರು ವರ್ಷದ ಮಗ ಮಾತು ಕಡಿಮೆ ಮಾಡಿದ್ದಾನೆ. ಮಗುವನ್ನು ನೋಡಲು ಬರುತ್ತೇವೆ ಎನ್ನುವ ನೆಂಟರಿಗೆ ಏನು ಹೇಳಬೇಕೋ ತಿಳಿಯದು. ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಉತ್ತರ 1 (ಒಬ್ಬ ತಂದೆ):
ಇಬ್ಬರೂ ಎಚ್ಚರವಿದ್ದರೆ ಮಗುವಿಗೆ ಎರಡು ಪಟ್ಟು ಕಾವಲು ಸಿಗುವುದಿಲ್ಲ. ದಣಿದ ಇಬ್ಬರು ಸಿಗುತ್ತಾರೆ, ಅಷ್ಟೆ. ನಾವು ರಾತ್ರಿಯನ್ನು ಎರಡು ಪಾಳಿಯಾಗಿ ಹಂಚಿಕೊಂಡು, ಮಲಗುವ ಸರದಿಯವರು ಬೇರೆ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮಲಗುವುದೆಂದು ನಿಶ್ಚಯಿಸಿದೆವು. ಪಾಳಿ ಬದಲಾಗುವಾಗ ಬಾಯಿಮಾತನ್ನು ನೆಚ್ಚದೆ, ಹಾಲು ಎಷ್ಟು ಗಂಟೆಗೆ ಎಷ್ಟು ಮಿಲಿಲೀಟರ್ ಹೋಯಿತು, ಯಾವ ಔಷಧಿ ಕೊಟ್ಟಾಯಿತು, ವಾಂತಿಯಾಯಿತೇ ಎಂಬುದನ್ನು ಮಂಚದ ಪಕ್ಕದ ನೋಟ್‌ಬುಕ್ಕಿನಲ್ಲಿ ಆಗಿಂದಾಗಲೇ ಬರೆದಿಡುತ್ತಿದ್ದೆವು. ನಿದ್ದೆಗಣ್ಣಿನಲ್ಲಿ ಒಂದೇ ಔಷಧಿಯನ್ನು ಇಬ್ಬರೂ ಕೊಟ್ಟುಬಿಡುವ ಅಪಾಯ ಸಣ್ಣದಲ್ಲ. ಸಾಧ್ಯವಾದರೆ ಮನೆಯ ಇನ್ನೊಬ್ಬರಿಗೂ ಆಸ್ಪತ್ರೆಯಲ್ಲೇ ತರಬೇತಿ ಕೊಡಿಸಿ.

ಉತ್ತರ 2 (ನವಜಾತ ಶಿಶುಗಳ ವಿಭಾಗದ ನರ್ಸ್):
ಅಲಾರಂ ಕೂಗಿದಾಗ ಮೊದಲು ಮಗುವನ್ನು ನೋಡಿ, ಆಮೇಲೆ ಅಂಕಿಯನ್ನು. ಕಾಲು ಒದೆಯುತ್ತಿದ್ದರೆ, ಪಾದ ತಣ್ಣಗಿದ್ದರೆ ಅಥವಾ ಪಾದಕ್ಕೆ ಕಟ್ಟಿದ ಸೆನ್ಸರ್ (ಪ್ರೋಬ್) ಸಡಿಲವಾಗಿದ್ದರೆ ಯಂತ್ರ ತಪ್ಪು ಅಂಕಿ ತೋರಿಸುವುದುಂಟು. ಬಣ್ಣವೂ ಉಸಿರಾಟವೂ ಎಂದಿನಂತಿದ್ದರೆ ಪ್ರೋಬನ್ನು ಸರಿಯಾಗಿ ಕೂರಿಸಿ, ನಳಿಕೆ ಮೂಗಿನಲ್ಲೇ ಇದೆಯೇ, ಎಲ್ಲಾದರೂ ಮಡಚಿಕೊಂಡಿದೆಯೇ ಎಂದು ಪರೀಕ್ಷಿಸಿ. ತುಟಿ ನೀಲಿಗಟ್ಟಿದರೆ, ಉಸಿರೆಳೆಯುವಾಗ ಪಕ್ಕೆಲುಬುಗಳ ನಡುವೆ ಚರ್ಮ ಒಳಸರಿಯುತ್ತಿದ್ದರೆ ಅಥವಾ ಮಗು ಜೋತುಬಿದ್ದಂತಿದ್ದರೆ ಅಂಕಿಗಾಗಿ ಕಾಯದೆ ತುರ್ತು ಸಹಾಯಕ್ಕೆ ಕರೆ ಮಾಡಿ. ಅಲಾರಂ ಪದೇಪದೇ ಬರುತ್ತಿದ್ದರೆ ಅದರ ಮಿತಿಯನ್ನು ನೀವೇ ಬದಲಿಸದೆ ವೈದ್ಯರಿಗೆ ತಿಳಿಸಿ. ಟ್ಯೂಬ್ ಹೊಟ್ಟೆಯಲ್ಲೇ ಇದೆಯೆಂಬುದನ್ನು ಪ್ರತಿ ಬಾರಿ ಹಾಲಿಗೆ ಮುನ್ನ ನಿಮಗೆ ಕಲಿಸಿದ ಕ್ರಮದಲ್ಲಿ ಖಚಿತಪಡಿಸಿಕೊಳ್ಳಿ; ಅನುಮಾನವಿದ್ದರೆ ಹಾಲು ಕೊಡಲೇಬೇಡಿ. ಆಕ್ಸಿಜನ್ ಇರುವ ಕೋಣೆಗೆ ಉರಿಯುವ ದೀಪ, ಬೀಡಿ-ಸಿಗರೇಟು ಯಾವುದೂ ಬರಕೂಡದು.

ನೆಂಟರ ವಿಷಯದಲ್ಲಿ ಸಂಕೋಚ ಬೇಡ. ದೊಡ್ಡವರಿಗೆ ಸಾಮಾನ್ಯವಾಗಿ ಬರಿಯ ನೆಗಡಿ ತರುವ ಆರ್‌ಎಸ್‌ವಿ ವೈರಾಣು ಇಂಥ ಶ್ವಾಸಕೋಶವುಳ್ಳ ಮಗುವನ್ನು ಮತ್ತೆ ಆಸ್ಪತ್ರೆಗೆ ಸೇರಿಸಬಲ್ಲದು. ವೈದ್ಯರೇ ಬೇಡವೆಂದಿದ್ದಾರೆ ಎಂದುಬಿಡಿ. ನಾವು ಆ ನಿಷ್ಠುರವನ್ನು ಸಂತೋಷದಿಂದಲೇ ಹೊರುತ್ತೇವೆ.

ಉತ್ತರ 3 (ಇಬ್ಬರು ಮಕ್ಕಳ ತಾಯಿ):
ಬೇರೆ ಕೋಣೆ ಎಲ್ಲರಿಗೂ ಇರುವುದಿಲ್ಲ. ನಮಗೂ ಇರಲಿಲ್ಲ, ಇಯರ್‌ಪ್ಲಗ್‌ನಿಂದಲೇ ಕೆಲಸ ನಡೆಸಿದೆವು. ನನ್ನ ಚಿಂತೆ ನಿಮ್ಮ ಮಗನದು. ಆ ವಯಸ್ಸಿನವರು ತಾವು ಸಿಟ್ಟು ಮಾಡಿದ್ದಕ್ಕೇ ಪಾಪುವಿಗೆ ಹೀಗಾಯಿತೆಂದು ಒಳಗೊಳಗೇ ನಂಬಿರುವುದುಂಟು, ಆದ್ದರಿಂದ ಅದು ಅವನಿಂದಾದದ್ದಲ್ಲವೆಂದು ಬಾಯಿಬಿಟ್ಟು ಹೇಳಿ. ಹಾಲು ಹೋಗುವಾಗ ತಂಗಿಗೆ ಕಥೆ ಓದುವಂಥ ಕೆಲಸವನ್ನು ಕೊಡಬಹುದು. ಯಂತ್ರ ನೋಡಿಕೊಳ್ಳುವ ಹೊಣೆಯನ್ನು ಮಾತ್ರ, ಅವನೇ ಕೇಳಿದರೂ, ಕೊಡಬೇಡಿ. ನಿದ್ದೆ ಮುಗಿಸಿ ಎದ್ದವರು ಬೆಳಿಗ್ಗೆ ಸ್ವಲ್ಪ ಹೊತ್ತು ಅವನೊಬ್ಬನ ಜೊತೆಗೇ ಇರಲಿ, ಆ ಹೊತ್ತಿನಲ್ಲಿ ಮಗುವಿನ ಮಾತು ಬೇಡ.