ಟೋಕಿಯೊ–ಸ್ಯಾನ್ ಫ್ರಾನ್ಸಿಸ್ಕೊ: ದೂರ ಒಂದೇ, ಸಮಯ ಯಾಕೆ ಬೇರೆ?

ಕಿಟಕಿಸೀಟು:
ಮುಂದಿನ ತಿಂಗಳು ಅಮ್ಮನ ಜೊತೆ ಟೋಕಿಯೊದಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹೋಗಿ ಬರಬೇಕು. ದೂರ ಸುಮಾರು 8,270 ಕಿ.ಮೀ. ಹೋಗುವಾಗ ಒಂಬತ್ತೂವರೆ ಗಂಟೆ, ಬರುವಾಗ 11 ಗಂಟೆ ಅಂತ ಟಿಕೆಟ್‌ನಲ್ಲಿದೆ. ಅದಿರಲಿ, ಸಂಜೆ 5ಕ್ಕೆ ಹೊರಟವರು ಅದೇ ದಿನ ಬೆಳಿಗ್ಗೆ ಹತ್ತೂವರೆಗೆ ಇಳಿಯುತ್ತೇವಂತೆ! ಅಮ್ಮ ದಿನಾ ರಾತ್ರಿ 9ಕ್ಕೆ ಬಿಪಿ ಮಾತ್ರೆ ತಗೊಳ್ಳುತ್ತಾರೆ. ಯಾವ ಗಡಿಯಾರ ನೋಡಿ ಕೊಡಲಿ?

ಮೋಡದಾಚೆ:
ಗಾಳಿ ಕಣ್ರೀ ಕಾರಣ. ವಿಮಾನ ಹಾರುವ 10–12 ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೋರಾಗಿ ಬೀಸುವ ಗಾಳಿ ಇದೆ, ಜೆಟ್ ಸ್ಟ್ರೀಮ್ ಅಂತಾರೆ. ವಿಮಾನದ ಸ್ವಂತ ವೇಗ ಗಂಟೆಗೆ 900 ಕಿ.ಮೀ. ಅಂದುಕೊಳ್ಳಿ. ನೀವು ಹೋಗುವುದು ಪೂರ್ವಕ್ಕೆ, ಆಗ ಹಿಂದಿನಿಂದ 100ರ ಗಾಳಿ ತಳ್ಳಿದರೆ ನೆಲದ ಲೆಕ್ಕದಲ್ಲಿ 1,000 ಆಯ್ತು, ವಾಪಸ್ ಬರುವಾಗ ಅದೇ ಗಾಳಿ ಎದುರಿಗೆ ಬಂದರೆ 800. ಅಷ್ಟಕ್ಕೇ ಎರಡು ಗಂಟೆ ವ್ಯತ್ಯಾಸ! ಚಳಿಗಾಲದಲ್ಲಿ ಈ ಗಾಳಿ ಇನ್ನೂ ಜೋರು. ಸೀಟಿನ ಮುಂದಿನ ಸ್ಕ್ರೀನಲ್ಲಿ ನೆಲದ ವೇಗ ತೋರಿಸುತ್ತೆ, ಒಮ್ಮೆ ನನಗೆ 1,090 ಕಾಣಿಸಿತ್ತು, ಆದರೂ ಕಪ್ಪಿನಲ್ಲಿದ್ದ ಚಹಾ ಅಲುಗಾಡಲಿಲ್ಲ.

ಈ ಗಾಳಿಯನ್ನು 1920ರ ದಶಕದಲ್ಲೇ ಜಪಾನಿನ ಹವಾಮಾನ ತಜ್ಞ ವಾಸಾಬುರೊ ಓಯಿಷಿ ಬಲೂನು ಹಾರಿಸಿ ಅಳೆದಿದ್ದರು. ವರದಿ ಬರೆದದ್ದು ಎಸ್ಪೆರಾಂಟೊ ಎಂಬ, ಕೆಲವರಷ್ಟೇ ಬಲ್ಲ ಕೃತಕ ಭಾಷೆಯಲ್ಲಿ, ಹಾಗಾಗಿ ಹೊರಗಿನವರು ಹೆಚ್ಚಾಗಿ ಗಮನಿಸಲೇ ಇಲ್ಲ. ಎಂಥ ಕೆಲಸ, ಪಾಪ. 1952ರಲ್ಲಿ ಅಮೆರಿಕದ ಪ್ಯಾನ್ ಆಮ್ ಕಂಪನಿಯ ವಿಮಾನವೊಂದು ಇದೇ ಗಾಳಿ ಹಿಡಿದು ಟೋಕಿಯೊದಿಂದ ಹವಾಯಿಯ ಹೊನೊಲುಲುಗೆ ಹೋಗುವ ಪ್ರಯಾಣವನ್ನು 18 ಗಂಟೆಯಿಂದ ಹನ್ನೊಂದೂವರೆಗೆ ಇಳಿಸಿತು.

ದಾರಿಲೆಕ್ಕ:
ಒಂದು ಮಾತು ಸೇರಿಸ್ತೀನಿ. ಆ 8,270 ಅನ್ನೋದು ಅತಿ ಹತ್ತಿರದ ದಾರಿ. ಮ್ಯಾಪ್‌ನಲ್ಲಿ ಅದು ಉತ್ತರಕ್ಕೆ ಬಾಗಿ ಸುತ್ತು ದಾರಿ ಥರ ಕಾಣುತ್ತೆ, ಆದರೆ ಗ್ಲೋಬ್ ಮೇಲೆ ಎರಡು ಊರಿಗೂ ಒಂದು ದಾರ ಬಿಗಿಯಾಗಿ ಎಳೆದು ನೋಡಿ, ದಾರ ತಾನೇ ಮೇಲಕ್ಕೆ ಸರಿಯುತ್ತೆ. ಮ್ಯಾಪ್‌ನಲ್ಲಿ ನೇರವಾಗಿ ಕಾಣುವ ಗೆರೆ ಹಿಡಿದು ಹೋದರೆ 400 ಕಿ.ಮೀ.ಗಿಂತ ಜಾಸ್ತಿ ಆಗುತ್ತೆ. ಹಾಗಂತ ದಿನಾ ಅದೇ ಗೆರೆ ಮೇಲೆ ಹಾರಲ್ಲ. ಬರುವಾಗ ಎದುರುಗಾಳಿ ತಪ್ಪಿಸೋಕೆ ಇನ್ನೂ ಉತ್ತರಕ್ಕೆ, ಅಲಾಸ್ಕಾದ ಅಲೂಷಿಯನ್ ದ್ವೀಪಗಳ ಕಡೆಗೆ ಹೋಗುವುದುಂಟು. ಟಿಕೆಟ್‌ನ ಸಮಯದಲ್ಲಿ ರನ್‌ವೇಗೆ ಹೋಗುವ, ಇಳಿದ ಮೇಲೆ ಗೇಟಿಗೆ ಬರುವ ಹೊತ್ತೂ ಸೇರಿರುತ್ತೆ.

ರಾತ್ರಿಪಾಳಿ:
ಮಾತ್ರೆ ವಿಷಯ ಯಾರೂ ಹೇಳಲಿಲ್ಲ, ಮುಖ್ಯವಾದದ್ದೇ ಅದು ಅಲ್ವಾ? ನಿಮ್ಮ ಟಿಕೆಟ್ ಪ್ರಕಾರ ಟೋಕಿಯೊ ಗಡಿಯಾರ ಸ್ಯಾನ್ ಫ್ರಾನ್ಸಿಸ್ಕೊಗಿಂತ 16 ಗಂಟೆ ಮುಂದೆ (ಚಳಿಗಾಲದಲ್ಲಿ 17). ಟೋಕಿಯೊದ ರಾತ್ರಿ 9 ಅಂದರೆ ಹೊರಟು 4 ಗಂಟೆ ಆದ ಮೇಲೆ, ವಿಮಾನದಲ್ಲೇ. ಇಳಿದ ಮೇಲೆ ಅಲ್ಲಿನ ರಾತ್ರಿ 9ಕ್ಕೆ ಇನ್ನೊಂದು ಕೊಟ್ಟರೆ ನಡುವೆ 16 ಗಂಟೆ ಮಾತ್ರ. ಬಿಟ್ಟು ಮರುದಿನ ರಾತ್ರಿ ಕೊಟ್ಟರೆ 40 ಗಂಟೆ. ಈ ಎರಡು ಲೆಕ್ಕವನ್ನೂ ಡಾಕ್ಟರಿಗೆ ತೋರಿಸಿ, ಅವರು ಹೇಳಿದ ಹಾಗೆ ಮಾಡಿ. ಸುಮ್ನೆ ನೀವೇ ಅಂದಾಜು ಮಾಡಬೇಡಿ. ಮಾತ್ರೆ ಕೈಚೀಲದಲ್ಲೇ ಇರಲಿ.

ಕಿಟಕಿಸೀಟು:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. 16 ಮತ್ತು 40 ಎರಡನ್ನೂ ಚೀಟಿಯಲ್ಲಿ ಬರೆದುಕೊಂಡೆ, ಶುಕ್ರವಾರ ಡಾಕ್ಟರ್ ಹತ್ತಿರ ಹೋಗುತ್ತಿದ್ದೇವೆ. ಅಲ್ಲಿವರೆಗೆ ಅಮ್ಮನ ಕೈಗಡಿಯಾರ ಬದಲಾಯಿಸಲ್ಲ.