ಮ್ಯೋಡ್ಲರಾಯ್ಟ್: ಐವತ್ತು ಜನರ ಹಳ್ಳಿಗೆ ಗೋಡೆ ಯಾಕೆ?

ನಕ್ಷೆಪ್ರಿಯ: ಜರ್ಮನಿಯ ಈ ಪುಟ್ಟ ಹಳ್ಳಿಯನ್ನು ‘ಪುಟ್ಟ ಬರ್ಲಿನ್’ ಅಂತಾರೆ. ಇಷ್ಟು ಸಣ್ಣ ಊರು ಎರಡಾಗಿದ್ದು ಹೇಗೆ? ನೋಡಲು ಹೋದರೆ ಈಗ ಏನಿದೆ?

ಗಡಿಗೆರೆ: ಊರ ನಡುವೆ ಹರಿಯುವ ಟಾನ್‌ಬಾಖ್ ತೊರೆಯೇ ಕಾರಣ. 1810ರಲ್ಲೇ ಅದು ಬವೇರಿಯಾ ಮತ್ತು ರಾಯ್ಸ್ ಸಂಸ್ಥಾನಗಳ ಗಡಿಯಾಯಿತು. ಆದರೆ ಶಾಲೆ, ಹೋಟೆಲು ಎಲ್ಲಾ ಒಂದೇ ಇದ್ದವು. ದಾಟಲು ಯಾರ ಅಪ್ಪಣೆಯೂ ಬೇಕಿರಲಿಲ್ಲ. ಎರಡನೇ ಮಹಾಯುದ್ಧದ ನಂತರ ಅದೇ ಗೆರೆ ಅಮೆರಿಕನ್ ಮತ್ತು ಸೋವಿಯತ್ ವಲಯಗಳನ್ನು ಬೇರ್ಪಡಿಸಿತು. 1952ರಲ್ಲಿ ಮರದ ಬೇಲಿ ಬಂತು, ‘ನಂಬಿಕಸ್ಥರಲ್ಲ’ ಎನಿಸಿದವರನ್ನು ಪೂರ್ವ ಜರ್ಮನಿ ಎಬ್ಬಿಸಿ ಒಳನಾಡಿಗೆ ಸಾಗಿಸಿತು. 1966ರಲ್ಲಿ ಸುಮಾರು 700 ಮೀಟರ್ ಉದ್ದದ ಕಾಂಕ್ರೀಟ್ ಗೋಡೆ. ಪೂರ್ವದವರು ಆಚೆಯವರಿಗೆ ಕೈ ಬೀಸುವಂತೆಯೂ ಇರಲಿಲ್ಲ.

ಒಂದು ವಿಷಯ ಹಲವರಿಗೆ ತಪ್ಪುತ್ತದೆ: ಗೋಡೆ ಗಡಿಗೆರೆಯ ಮೇಲಿರಲಿಲ್ಲ, ತುಸು ಹಿಂದೆ, ಪೂರ್ವದ ನೆಲದಲ್ಲಿತ್ತು. ಹಾಗಾಗಿ ಪಶ್ಚಿಮದಿಂದ ಬಂದವರು ಗೋಡೆ ಮುಟ್ಟುವ ಮೊದಲೇ ಗಡಿ ದಾಟಿರುತ್ತಿದ್ದರು.

ಹಾದಿಹೋಕ: 1989ರ ಡಿಸೆಂಬರ್ 9ಕ್ಕೆ ಕಾಲ್ದಾರಿ ತೆರೆಯಿತು, 1990ರ ಜೂನ್ 17ರಂದು ಯಂತ್ರ ಹಚ್ಚಿ ಗೋಡೆ ಕೆಡವಿದರು. ಸುಮಾರು 100 ಮೀಟರ್ ಉಳಿಸಿಕೊಂಡು ಮ್ಯೂಸಿಯಂ ಮಾಡಿದ್ದಾರೆ. ಹೋಫ್ ಊರಿನಿಂದ ಕಾರಿನಲ್ಲಿ ಹೋಗುವುದೇ ಸುಲಭ. ಎ72 ಹೆದ್ದಾರಿಯಲ್ಲಿ ಹೋಫ್-ಟ್ಯೋಪೆನ್ ಹತ್ತಿರ ಇಳಿಯಿರಿ.

ಗಡಿಗೆರೆ: ಆಡಳಿತ ಇನ್ನೂ ಎರಡೇ! ಪಶ್ಚಿಮ ಭಾಗ ಬವೇರಿಯಾದ ಟ್ಯೋಪೆನ್‌ಗೆ, ಪೂರ್ವ ಭಾಗ ಥುರಿಂಜಿಯಾದ ಗೆಫೆಲ್‌ಗೆ ಸೇರಿದೆ. ಪಿನ್‌ಕೋಡ್ 95183 ಮತ್ತು 07926. ಪತ್ರ ಬರೆಯುವುದಾದರೆ ತೊರೆಯ ಯಾವ ದಡದ ಮನೆ ಅಂತ ಮೊದಲು ನೋಡಿಕೊಳ್ಳಿ.